ಇಲ್ಲದ ಹನ್ನೆರಡು ಹಾರ್ಡ್ ಡಿಸ್ಕುಗಳ ಕಳುವಿನ ಬಗ್ಗೆ

ಮಾನ್ಯ ದಾಸ್ತಾನು ಪರಿಶೀಲನಾಧಿಕಾರಿಗಳೇ,

ಹುಣಸೂರು ತಾಲ್ಲೂಕು ಬಿಳಿಕೆರೆಯ ನಮ್ಮ ಕಂಪ್ಯೂಟರ್ ಕಲಿಕಾ ಕೇಂದ್ರದಿಂದ ಹನ್ನೆರಡು ಹಾರ್ಡ್ ಡಿಸ್ಕುಗಳು ‘ಅಪಹರಣವಾಗಿವೆ’ ಎಂದು ತಾವು ಬರೆದಿದ್ದೀರಿ. ಅಪಹರಿಸಿದವರು ಕೇಂದ್ರದ ಶಿಕ್ಷಕಿ ರಮ್ಯ ಎಂದು ನೇರವಾಗಿ ಬರೆದಿಲ್ಲ. ‘ಸದರಿ ಸಾಮಗ್ರಿಗಳು ಶಿಕ್ಷಕಿಯವರ ಸುಪರ್ದಿನಲ್ಲಿದ್ದವು’ ಎಂದು ಬರೆದು, ಉಳಿದದ್ದನ್ನು ಓದುವವರ ಊಹೆಗೆ ಬಿಟ್ಟಿದ್ದೀರಿ. ಬಿಳಿಕೆರೆ ಬಸ್ ನಿಲ್ದಾಣದಲ್ಲಿ ಊಹೆಗೆ ಎಂದೂ ಬರ ಬಂದದ್ದಿಲ್ಲ. ರಮ್ಯ ಐದು ವಾರಗಳಿಂದ ಕೆಲಸದಿಂದ ಹೊರಗಿದ್ದಾಳೆ. ಈ ತಿಂಗಳ ಮೂವತ್ತಕ್ಕೆ ಅವಳ ಗುತ್ತಿಗೆ ಮುಗಿಯುತ್ತದೆ. ‘ಅಪಹರಣ’ ಎಂಬ ಆ ಒಂದು ಪದ ಕಡತದಲ್ಲಿ ಇರುವವರೆಗೆ ನವೀಕರಣದ ಪ್ರಶ್ನೆಯೇ ಇಲ್ಲ ಎಂದು ತಮ್ಮ ಕಚೇರಿ ತಿಳಿಸಿದೆ. ನನ್ನ ತಕರಾರು ತುಂಬ ಚಿಕ್ಕದು. ಕಳುವಾದವು ಎಂದು ತಾವು ಹೇಳುವ ಆ ಹನ್ನೆರಡು ಹಾರ್ಡ್ ಡಿಸ್ಕುಗಳು ಅಲ್ಲಿ ಯಾವತ್ತೂ ಇರಲಿಲ್ಲ.

ಇದನ್ನು ನಾನು ತಮಗೆ ಮೂರು ಸಲ ಖಾಸಗಿಯಾಗಿ ಬರೆದೆ. ಮೊದಲ ಪತ್ರಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಉತ್ತರ ಬಂತು. ಎರಡನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಮೂರನೆಯದಕ್ಕೆ ‘ಮೊದಲನೇ ಪತ್ರದ ಪ್ರತಿಯನ್ನು ಲಗತ್ತಿಸಿ ಕಳುಹಿಸುವುದು’ ಎಂದು ಬಂತು. ಆಗ ನನಗೆ ಅನ್ನಿಸಿತು, ಇದನ್ನು ಊರೆಲ್ಲ ಓದಲಿ, ಕೊನೆಗೆ ಯಾರಾದರೂ ತಮಗೂ ಓದಿ ಹೇಳಿಯಾರು. ನಾನು ಯಾರೆಂದು ತಮಗೆ ನೆನಪಿರಲಾರದು. ಕೇಂದ್ರದ ಗೌರವ ಕಾರ್ಯದರ್ಶಿ. ಅದಕ್ಕೆ ಮೊದಲು ಮೂವತ್ತೊಂದು ವರ್ಷ ದೂರವಾಣಿ ವಿನಿಮಯ ಕೇಂದ್ರದಲ್ಲಿ ತಂತ್ರಜ್ಞನಾಗಿದ್ದವನು. ಕೆ.ಆರ್. ನಗರದಿಂದ ಪಿರಿಯಾಪಟ್ಟಣದವರೆಗೆ ಯಾರ ಮನೆಯ ಫೋನು ಸತ್ತರೂ ಕಂಬ ಹತ್ತಿ ಜೀವ ತುಂಬಿದವನು. ದೋಷ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಅದು ಈ ವರ್ಷ ಹೇಗೆ ಇಳಿಯಿತು ಎಂಬುದನ್ನೂ ಈ ಪತ್ರದಲ್ಲಿ ಮುಚ್ಚಿಡದೆ ಬರೆಯುತ್ತೇನೆ.

ಮೊದಲು ಯಂತ್ರದ ಮಾತು. ನಮ್ಮ ಹನ್ನೆರಡು ಕಂಪ್ಯೂಟರುಗಳಿಗೆ ಹಾರ್ಡ್ ಡಿಸ್ಕೇ ಇಲ್ಲ. ಬಂದದ್ದೇ ಹಾಗೆ. ಬೆಳಗ್ಗೆ ಗುಂಡಿ ಒತ್ತಿದಾಗ ಅವಕ್ಕೆ ತಾವು ಯಾರು ಎಂಬುದೇ ಗೊತ್ತಿರುವುದಿಲ್ಲ. ತಂತಿಯ ಮೇಲೆ ಒಂದು ಕೂಗು ಹಾಕುತ್ತವೆ: ನನ್ನ ವಿಳಾಸ ಏನು, ನಾನು ಏನು ಮಾಡಬೇಕು, ಯಾರಾದರೂ ಇದ್ದರೆ ಹೇಳಿ. ಮೂಲೆಯಲ್ಲಿ ಸರ್ವರ್ ಎಂಬ ದೊಡ್ಡ ಯಂತ್ರ ಒಂದೇ ಒಂದು ಇದೆ. ಡಿಸ್ಕು, ಬುದ್ಧಿ, ನೆನಪು ಎಲ್ಲ ಅದರೊಳಗೆ. ಅದು ಕೂಗು ಕೇಳಿಸಿಕೊಂಡು, ಇಗೋ ನಿನ್ನ ವಿಳಾಸ, ಇಗೋ ನೀನು ಓದಬೇಕಾದ ಕಡತ ಎಂದು ತಂತಿಯಲ್ಲೇ ಕಳಿಸುತ್ತದೆ. ಕಡತ ಬಂದ ಮೇಲೆ ಚಿಕ್ಕ ಯಂತ್ರಗಳು ಕಣ್ಣು ಬಿಡುತ್ತವೆ. ಉತ್ತರ ಬರದಿದ್ದರೆ ಒಂದು ನಿಮಿಷ ಕಾದು, ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬರೆದು ಸುಮ್ಮನಾಗುತ್ತವೆ. ಮೇಲಿನಿಂದ ಕಡತ ಬರದೆ ಎಚ್ಚರವೇ ಆಗದ ಇಂಥ ವ್ಯವಸ್ಥೆ ತಮಗೆ ಅರ್ಥವಾಗಲಿಲ್ಲ ಎಂದರೆ ನಾನು ನಂಬಲಾರೆ. ತಾವು ಸೇವೆ ಸಲ್ಲಿಸುತ್ತಿರುವುದು ಇನ್ನೆಂಥ ವ್ಯವಸ್ಥೆಯಲ್ಲಿ?

ಇಂಥ ಯಂತ್ರಗಳನ್ನೇ ಏಕೆ ಕೊಟ್ಟರು ಎಂಬುದಕ್ಕೆ ತಮ್ಮ ಇಲಾಖೆಯ ಸುತ್ತೋಲೆಯಲ್ಲೇ ಕಾರಣವಿದೆ. ‘ಗ್ರಾಮೀಣ ಕೇಂದ್ರಗಳಲ್ಲಿ ಹಾರ್ಡ್ ಡಿಸ್ಕ್ ಕಳುವಿನ ಪ್ರಕರಣಗಳನ್ನು ತಡೆಗಟ್ಟುವ ಸಲುವಾಗಿ ಡಿಸ್ಕ್ ರಹಿತ ಯಂತ್ರಗಳನ್ನು ಸರಬರಾಜು ಮಾಡಲಾಗಿದೆ.’ ಈ ವಾಕ್ಯವನ್ನು ದಯಮಾಡಿ ಎರಡು ಸಲ ಓದಿ. ಕದಿಯುವುದಕ್ಕೆ ಏನೂ ಇರಬಾರದು ಎಂದು ತಾವೇ ಆರಿಸಿ ಕಳಿಸಿದ ಯಂತ್ರದಲ್ಲಿ ಅದು ಕಳುವಾಗಿದೆ ಎಂದು ತಾವೇ ಪತ್ತೆ ಹಚ್ಚಿದ್ದೀರಿ. ಇದಕ್ಕಿಂತ ಚುರುಕಾದ ಕಳ್ಳಿಯನ್ನು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ, ಸೋಮವಾರ. ತಮ್ಮ ಪ್ರವಾಸ ಪಟ್ಟಿಯ ಪ್ರಕಾರ ಬೆಳಗ್ಗೆ ಹೊಸ ಅಗ್ರಹಾರ, ಹನ್ನೊಂದಕ್ಕೆ ಬಿಳಿಕೆರೆ, ಮಧ್ಯಾಹ್ನ ಹುಣಸೂರು, ಸಂಜೆ ನಾಲ್ಕಕ್ಕೆ ‘ಕಾಕನಕೋಟೆ ಭಾಗದಲ್ಲಿ ಪರಿಶೀಲನೆ’. ಕಾಕನಕೋಟೆ ಕಾಡಿನಲ್ಲಿ ಕಂಪ್ಯೂಟರ್ ಕೇಂದ್ರ ಯಾವುದಿದೆ ಎಂದು ಊರಿನವರು ನನ್ನನ್ನು ಕೇಳಿದರು. ಆನೆಗಳ ಹತ್ತಿರ ಹಾರ್ಡ್ ಡಿಸ್ಕ್ ಇದೆಯೋ ಇಲ್ಲವೋ ನೋಡಲು ಹೋಗಿದ್ದಾರೆ ಎಂದು ಹೇಳಿ ನಾನು ತಮ್ಮ ಮರ್ಯಾದೆ ಉಳಿಸಿದ್ದೇನೆ. ಒಟ್ಟಿನಲ್ಲಿ ತಮಗೆ ಅವಸರವಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಜೀಪು ನಿಂತಿತು. ಒಳಗೆ ಹನ್ನೆರಡು ಯಂತ್ರಗಳ ಮುಂದೆ ಹನ್ನೆರಡು ಮಂದಿ ಕಲಿಯುವವರು ಕೈಕಟ್ಟಿ ಕುಳಿತಿದ್ದರು. ಹನ್ನೆರಡೂ ಪರದೆ ಕಪ್ಪಗಿದ್ದವು.

ತಾವು ಮೊದಲನೆಯ ಪರದೆಯ ಮುಂದೆ ಬಗ್ಗಿ ಇಂಗ್ಲಿಷ್ ಸಾಲುಗಳನ್ನು ಗಟ್ಟಿಯಾಗಿ ಓದಿದಿರಿ. ಕೊನೆಯ ಸಾಲಿನ ಅರ್ಥ ಇಷ್ಟು: ಸರಿಯಾದ ಡಿಸ್ಕನ್ನು ಹಾಕಿ, ಯಾವುದಾದರೂ ಕೀ ಒತ್ತಿ. ಉತ್ತರ ಸಿಗದೆ ಕಂಗಾಲಾದ ಯಂತ್ರಗಳೆಲ್ಲ ಕೊನೆಗೆ ಹೇಳುವ ಮಾತು ಅದು. ತಾವು ನೆಟ್ಟಗೆ ನಿಂತು, “ಡಿಸ್ಕ್ ಎಲ್ಲಮ್ಮಾ?” ಎಂದಿರಿ.

“ಇದಕ್ಕೆ ಡಿಸ್ಕ್ ಇರಲ್ಲ ಸರ್,” ಎಂದಳು ರಮ್ಯ.

“ಅದೇ ಕೇಳ್ತಾ ಇದೆಯಲ್ಲ, ಹಾಕಿ ಅಂತ.”

“ಸರ್ವರ್ ಉತ್ತರ ಕೊಡ್ತಿಲ್ಲ ಸರ್, ಅದಕ್ಕೆ ಹಂಗೆ ಬರುತ್ತೆ. ಸೋಮವಾರ ಮಾತ್ರ ಹಿಂಗಾಗುತ್ತೆ. ನಾಳೆ ಬಂದ್ರೆ ಹನ್ನೆರಡೂ ಆನ್ ಆಗಿರ್ತವೆ.”

“ನಾಳೆ ಬರೋದಕ್ಕೆ ನಾನೇನು ನಿಮ್ಮ ಬೀಗರೇನಮ್ಮಾ?” ಎಂದು ಕೇಳಿ ತಾವು ಡ್ರೈವರ್ ಕೈಲಿ ಸ್ಕ್ರೂ ಡ್ರೈವರ್ ತರಿಸಿದಿರಿ. ಒಂದು ಯಂತ್ರದ ಮುಚ್ಚಳ ಬಿಚ್ಚಿದಿರಿ. ಒಳಗೆ ಡಿಸ್ಕು ಕೂರಿಸುವ ಜಾಗ ಖಾಲಿಯಿತ್ತು, ಪಕ್ಕದಲ್ಲಿ ನಾಲ್ಕು ಸ್ಕ್ರೂ ತೂತುಗಳಿದ್ದವು. ಆ ತೂತುಗಳನ್ನು ತಾವು ಬೆರಳಿನಿಂದ ಮುಟ್ಟಿ ನೋಡಿದ ರೀತಿ, ಕನ್ನ ಹಾಕಿದ ಗೋಡೆಯನ್ನು ಮುಟ್ಟಿದಂತಿತ್ತು. ಉಳಿದ ಹನ್ನೊಂದನ್ನು ತೆರೆಯುವ ಗೋಜಿಗೆ ತಾವು ಹೋಗಲಿಲ್ಲ. ಒಂದರಲ್ಲಿ ಇಲ್ಲದಿದ್ದರೆ ಹನ್ನೆರಡರಲ್ಲೂ ಇಲ್ಲ ಎಂಬ ತಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಆ ದಿನ ತಾವು ಸರಿಯಾಗಿ ಹೇಳಿದ್ದು ಅದೊಂದೇ.

ಕಲಿಯಲು ಬರುತ್ತಿದ್ದವರಲ್ಲಿ ಸುಂದ್ರಮ್ಮ ಎಂಬುವರೊಬ್ಬರಿದ್ದಾರೆ, ಐವತ್ತೆರಡು ವರ್ಷ. ಹೆದ್ದಾರಿ ಪಕ್ಕ ಹೂವಿನ ಅಂಗಡಿ. ಮಗಳ ಮದುವೆಯ ಲಗ್ನಪತ್ರಿಕೆಯನ್ನು ತಾವೇ ಟೈಪು ಮಾಡಬೇಕೆಂದು ಸೇರಿದವರು. ಡಿಸ್ಕುಗಳು ಅಪಹರಣವಾಗಿವೆ ಎಂಬ ಮಹಜರನ್ನು ತಾವು ಓದಿ ಹೇಳಿದಾಗ ಅವರು ಎದ್ದು ನಿಂತು, “ಇಲ್ದೇ ಇರೋದ್ನ ಎಂಗೆ ಕದೀತಾರೆ ಸ್ವಾಮಿ? ನಮ್ಗೂ ವಸಿ ಏಳ್ಕೊಡಿ,” ಎಂದು ಕೇಳಿದರು. ತಾವು “ಕೂತ್ಕೊಳ್ಳಮ್ಮಾ” ಎಂದಿರಿ. ಅವರು ಕೂತರು. ಆ ಪ್ರಶ್ನೆ ಮಾತ್ರ ಇವತ್ತಿನವರೆಗೆ ನಿಂತೇ ಇದೆ, ಉತ್ತರ ತಮ್ಮಲ್ಲಿದ್ದರೆ ಕಳಿಸಿಕೊಡಿ. ಆ ಮಹಜರನ್ನು ಸ್ಟೂಲಿನ ಮೇಲೆ ಕುಳಿತು ಬರೆದವರು ತಮ್ಮ ಜೊತೆ ಬಂದಿದ್ದ ಗುಮಾಸ್ತರು. ಅದನ್ನು ಆ ಹನ್ನೆರಡು ಮಂದಿಯ ಮುಂದೆ ಓದಿದ ಮೇಲೆ ತಾವು ರಮ್ಯಳಿಗೆ, ವಿವರಣೆ ಕೊಡುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದಿರಿ, ಹುಣಸೂರಿಗೆ ಹೊರಟಿರಿ.

ಈಗ ತಾವು ಕೇಳಬಹುದು, ಸೋಮವಾರ ಮಾತ್ರ ಯಂತ್ರಗಳು ಏಕೆ ಸತ್ತಿರುತ್ತವೆ? ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಗೆ ತಲೆ ಕೊಟ್ಟು ನಾನು ಜೂನ್ ತಿಂಗಳಿಂದ ನಾಲ್ಕು ತಿಂಗಳು ನಿದ್ದೆ ಕೆಡಿಸಿಕೊಂಡಿದ್ದೆ. ರಮ್ಯ ಒಂದು ನೋಟ್ ಪುಸ್ತಕದಲ್ಲಿ ಯಂತ್ರ ಕೈಕೊಟ್ಟ ತಾರೀಕುಗಳನ್ನೆಲ್ಲ ಬರೆದಿಟ್ಟಿದ್ದಳು. ಜುಲೈನಲ್ಲಿ ಅದನ್ನು ನನ್ನ ಮುಂದಿಟ್ಟು, “ಸರ್, ಎಲ್ಲಾ ಸೋಮವಾರಾನೇ,” ಎಂದಳು. ನಾನು ನಕ್ಕೆ. ಯಂತ್ರಕ್ಕೆ ಪಂಚಾಂಗ ಗೊತ್ತಿರುತ್ತದೇನಮ್ಮ ಎಂದೆ. ಭಾನುವಾರ ಬೀಗ ಹಾಕಿರುವುದರಿಂದ ತೇವ ಕಟ್ಟಿಕೊಂಡಿರಬೇಕು ಎಂದು ತೀರ್ಮಾನಿಸಿ, ಭಾನುವಾರವೆಲ್ಲ ಕಿಟಕಿ ತೆರೆಸಿದೆ. ಮಳೆ ನೀರು ಒಳಕ್ಕೆ ಬಂತು, ಸೋಮವಾರ ಯಂತ್ರ ಹತ್ತಲಿಲ್ಲ. ಇಲಿ ಕಡಿದಿರಬಹುದೆಂದು ಹನ್ನೆರಡು ತಂತಿಗಳನ್ನೂ ತುದಿಯಿಂದ ತುದಿಗೆ ತಡವಿ ನೋಡಿದೆ. ಒಂದು ಕಡಿತವೂ ಇರಲಿಲ್ಲ. ಹನ್ನೆರಡು ತಂತಿಗಳೂ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ ಹನ್ನೆರಡು ಹಸಿರು ದೀಪಗಳು ಮಿಣುಕುತ್ತಿದ್ದವು. ಅಂದರೆ ಯಂತ್ರಗಳು ಕೂಗುತ್ತಿವೆ, ತಂತಿ ಸರಿಯಿದೆ, ಉತ್ತರ ಮಾತ್ರ ಬರುತ್ತಿಲ್ಲ.

ಸರ್ವರ್ ನಿಂತಿದೆಯೇ ಎಂದರೆ ಅದೂ ಇಲ್ಲ. ಕಳ್ಳರ ಭಯಕ್ಕೆ ಅದನ್ನು ಹುಣಸೂರಿನಲ್ಲಿ ಮಾಡಿಸಿದ ಕಬ್ಬಿಣದ ಪಂಜರದೊಳಗಿಟ್ಟು, ಗೋಡೆಗೆ ಒತ್ತಿ ನಿಲ್ಲಿಸಿದ್ದೇವೆ. ಸರಳುಗಳ ಸಂದಿಯಿಂದ ಮುಖ ಮಾತ್ರ ಕಾಣುತ್ತದೆ. ಪ್ರತಿ ಸೋಮವಾರ ಬಗ್ಗಿ ನೋಡುತ್ತಿದ್ದೆ. ದೀಪ ಉರಿಯುತ್ತಿತ್ತು, ಫ್ಯಾನು ಗುಂಯ್‌ಗುಟ್ಟುತ್ತಿತ್ತು, ಆರೋಗ್ಯವಾಗಿತ್ತು. ಮೈಸೂರಿನಿಂದ ಮೆಕ್ಯಾನಿಕ್ ಮೂರ್ತಿಯನ್ನು ಕರೆಸಿದರೆ, ಸೋಮವಾರ ಫೋನು ಮಾಡಿದ್ದಕ್ಕೆ ಮಂಗಳವಾರ ಬರುತ್ತಿದ್ದ. ಮಂಗಳವಾರ ಹನ್ನೆರಡೂ ಯಂತ್ರಗಳು ಹೊಸ ಮದುಮಕ್ಕಳ ಹಾಗೆ ಕಳಕಳ ಎನ್ನುತ್ತಿದ್ದವು. ಮೂರ್ತಿ ಮೂರು ಸಲ ಬಂದ. ಮೊದಲ ಸಲ ಸ್ವಿಚ್ ಪೆಟ್ಟಿಗೆ ಬದಲಾಯಿಸಿದ. ಎರಡನೆಯ ಸಲ ಸರ್ವರಿನೊಳಗಿನ ತಂತ್ರಾಂಶವನ್ನು ಮತ್ತೆ ಹಾಕಿದ. ಮೂರನೆಯ ಸಲ ಕಾಫಿ ಕುಡಿದು, “ಸ್ವಾಮಿ, ನೀವು ಒಂದ್ಸಲ ಕಣ್ಣು ತೋರಿಸ್ಕೊಳ್ಳಿ,” ಎಂದು ಹೇಳಿ ಬಸ್ಸು ಹತ್ತಿದ.

ಇದೆಲ್ಲ ನಡೆಯುತ್ತಿದ್ದಾಗ ನಮ್ಮ ಅಟೆಂಡರ್ ಮಂಟಯ್ಯ ಅಲ್ಲೇ ಇರುತ್ತಿದ್ದ. ಬೆಳಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಪಂಜರದ ಮುಂದೆ ಊದುಕಡ್ಡಿ ಹಚ್ಚುವುದು ಅವನ ಕೆಲಸ. ಪಂಜರದ ಬೀಗದ ಕೈಯೂ ಅವನ ಉಡಿದಾರದಲ್ಲೇ ಇರುತ್ತದೆ. ನಾನು ಬೆವರು ಸುರಿಸಿಕೊಂಡು ತಂತಿ ತಡವುವುದನ್ನು ನೋಡಿ ಪ್ರತಿ ಸೋಮವಾರವೂ ಅವನು ಒಂದೇ ಮಾತು ಹೇಳುತ್ತಿದ್ದ: “ಇವತ್ತು ಬುಡಿ ಸ್ವಾಮ್ಯೋರೆ, ನಾಳಿಕ್ಕೆ ಸರಿ ಓಯ್ತದೆ.” ಮಂಗಳವಾರ ಅವನು ಹೇಳಿದಂತೆಯೇ ಆಗುತ್ತಿತ್ತು. ಇವನಿಗೆ ಹೇಗೆ ಗೊತ್ತು ಎಂದು ನಾನಾಗಲಿ, ಮೈಸೂರಿನಿಂದ ಬಂದ ಮೂರ್ತಿಯಾಗಲಿ ಒಂದು ಸಲವೂ ಕೇಳಲಿಲ್ಲ. ಕಸ ಗುಡಿಸುವವನನ್ನು ಯಂತ್ರದ ವಿಷಯ ಕೇಳುವ ವಾಡಿಕೆ ನಮ್ಮಲ್ಲಿಲ್ಲ.

ತಾವು ಬಂದು ಹೋದ ಮುಂದಿನ ಸೋಮವಾರ ನಾನು ಹಟ ಹಿಡಿದೆ. ಬೆಳಗ್ಗೆ ಏಳೂವರೆಗೇ ಹೋಗಿ ಪಂಜರದ ಎದುರು ಕುರ್ಚಿ ಹಾಕಿಕೊಂಡು ಕುಳಿತೆ. ಎಂಟಕ್ಕೆ ಮಂಟಯ್ಯ ಬಂದ, ವಿಭೂತಿ ಧರಿಸಿ ಶುಭ್ರವಾಗಿದ್ದ. ನನ್ನನ್ನು ನೋಡಿ ಕೈಮುಗಿದ, ಊದುಕಡ್ಡಿ ಹಚ್ಚಿದ, ಬೀಗ ತೆಗೆದ. ಯಂತ್ರದ ಹಿಂದಕ್ಕೆ ಕೈ ಹಾಕಿ, ಸರ್ವರಿನಿಂದ ಸ್ವಿಚ್ ಪೆಟ್ಟಿಗೆಗೆ ಹೋಗುವ ತಂತಿಯನ್ನು ಟಕ್ಕೆಂದು ಕಿತ್ತ. ಯಂತ್ರದ ನೆತ್ತಿಯ ಮೇಲೆ ಎರಡು ಸಲ ತಟ್ಟಿದ. ಬೀಗ ಹಾಕಿದ.

“ಏನ್ ಮಾಡ್ದೆ ಮಂಟಯ್ಯ?” ಎಂದೆ.

“ಇವತ್ತು ಸ್ವಾಮಾರ ಅಲ್ವರಾ,” ಎಂದ ಅವನು.

“ಸೋಮವಾರ ಆದ್ರೆ?”

ಮಂಟಯ್ಯ ನನ್ನನ್ನು ಮರುಕದಿಂದ ನೋಡಿದ. “ಏನ್ ಸ್ವಾಮ್ಯೋರೆ, ನಿಮ್ಗೆ ನಾನ್ ಏಳ್ಬೇಕಾ? ಸ್ವಾಮಾರ ಎತ್ತಿನ್ ಯಗಲ ಮ್ಯಾಲೆ ನೊಗ ಮಡಗ್ತೀವಾ? ಅನ್ನೆರಡುನ್ನೂ ಇದೊಂದೇ ಎಳೀತದೆ ಅಂತ ಮೇಡಮ್ಮೋರೇ ಮೊದಲ್ನೇ ದಿನ ಪಾಠದಾಗೆ ಏಳವ್ರೆ. ಅನ್ನೆರಡು ಗಾಡಿಗೆ ಒಂದೇ ಎತ್ತು. ವಾರ್ದಾಗೆ ಒಂದಿನಾನಾರೂ ಬ್ಯಾಡ್ವಾ ಅದ್ಕೆ?”

“ಮತ್ತೆ ದೀಪ ಉರೀತಾ ಇರುತ್ತಲ್ಲೋ?”

“ನೊಗ ಕಳಚೀವ್ನಿ, ಮೇವು ನಿಲ್ಸಿಲ್ಲ. ಕರೆಂಟು ಅದರ ಪಾಡಿಗೆ ಕುಡ್ಕೊಂಡ್ ನಿಂತಿರ್ತದೆ. ಸಂಜಿಕೆ ದೀಪ ಅಚ್ಚೋ ಒತ್ತಿಗೆ ತಿರ್ಗಾ ಕಟ್ತೀನಿ ಕಣ್ರಿ.”

ಮಾನ್ಯರೇ, ನಾನೂ ಎತ್ತು ಕಟ್ಟಿದ ಮನೆಯಲ್ಲಿ ಬೆಳೆದವನು. ಸೋಮವಾರ ಬಸವನ ದಿನ ಎಂದು ನಮ್ಮ ಅಪ್ಪ ತಾತ ಯಾರೂ ನೇಗಿಲು ಕಟ್ಟಿದವರಲ್ಲ. ಹೊಗೆಸೊಪ್ಪಿನ ನಾಟಿ ಎಷ್ಟೇ ಅವಸರವಿದ್ದರೂ ಅವತ್ತು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಕೊಟ್ಟಿಗೆಯ ಗೊಂತಿನಲ್ಲೇ ಬಿಡುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದ ನನಗೆ, ರಮ್ಯಳ ಪುಸ್ತಕದಲ್ಲಿ ಹದಿನಾರು ಸೋಮವಾರಗಳು ಸಾಲಾಗಿ ನಿಂತಿದ್ದರೂ ಹೊಳೆಯಲಿಲ್ಲ. ತೇವ, ಇಲಿ, ತಂತ್ರಾಂಶ ಎಂದು ಅಲೆದೆ. ಮೂವತ್ತೊಂದು ವರ್ಷ ದೋಷ ಹುಡುಕಿದ ನನ್ನ ಜಂಬ ಅಂದು ಬೆಳಗ್ಗೆ ಎಂಟೂ ಹತ್ತಕ್ಕೆ ತೀರಿಕೊಂಡಿತು. ಮಂಟಯ್ಯನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ರಮ್ಯಳಿಗೆ ಫೋನು ಮಾಡಿ ಹೇಳಿದೆ. ಕೆಲಸ ಹೋಗುವ ಭಯದಲ್ಲಿದ್ದ ಹುಡುಗಿ, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು. ಆಮೇಲೆ, “ಸರ್, ಮಂಟಯ್ಯಂಗೆ ಏನೂ ಅನ್ಬೇಡಿ. ಸೋಮವಾರ ಬೇಕಾದ್ರೆ ಬೋರ್ಡ್ ಮೇಲೆ ಪಾಠ ಮಾಡಬಹುದು, ಪಾಪ ಒಂದು ದಿನ ತಾನೆ,” ಎಂದಳು. ಪಾಪ ಎಂದದ್ದು ಮಂಟಯ್ಯನಿಗೋ ಸರ್ವರ್ ಯಂತ್ರಕ್ಕೋ ನಾನು ಕೇಳಲಿಲ್ಲ. ಈಗ ನಮ್ಮ ಕೇಂದ್ರದಲ್ಲಿ ಸೋಮವಾರ ಸರ್ವರ್ ಯಂತ್ರಕ್ಕೆ ರಜೆ. ಇದಕ್ಕೆ ಯಾವ ನಿಯಮದಲ್ಲಿ ಅವಕಾಶವಿದೆ ಎಂದು ತಾವು ಕೇಳುವುದಾದರೆ, ಕಾಕನಕೋಟೆಗೆ ಯಾವ ನಿಯಮದಲ್ಲಿ ಅವಕಾಶವಿತ್ತೋ ಅದರಲ್ಲೇ ಎಂದು ತಿಳಿಯಿರಿ.

ಇದನ್ನೆಲ್ಲ ವಿವರಿಸಿ, ಸುತ್ತೋಲೆಯ ಪ್ರತಿಯನ್ನೂ ಇಟ್ಟು ತಮಗೆ ಬರೆದೆ. ತಮ್ಮ ಕಚೇರಿಯಿಂದ ರಮ್ಯಳಿಗೆ ಬಂದದ್ದು ಮಾತ್ರ ಒಂದು ಜ್ಞಾಪನ: ‘ಕಳುವಾದ ಸಾಮಗ್ರಿಗಳ ಬಗ್ಗೆ ಪೊಲೀಸ್ ದೂರು ದಾಖಲಿಸಿ, ಪ್ರತಿಯನ್ನು ಏಳು ದಿನಗಳೊಳಗೆ ಸಲ್ಲಿಸುವುದು.’ ಸರಿ, ಆಜ್ಞೆ. ಅವಳು ತನ್ನ ಊರು ಹೊಸ ಅಗ್ರಹಾರದಿಂದ ಎರಡು ಬಸ್ಸು ಬದಲಾಯಿಸಿ ಬಂದಳು, ನಾನೂ ಜೊತೆಗೆ ಹೋದೆ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಸಮಾಧಾನದ ಮನುಷ್ಯ, ಕಾಗದ ಎಳೆದುಕೊಂಡು ಕೂತರು.

“ಕೊನೇಗೆ ಯಾವಾಗ ನೋಡಿದ್ರಮ್ಮ ಅದನ್ನ?”

“ನೋಡಿಲ್ಲ ಸರ್.”

“ಯಾವ ಕಂಪನೀದು?”

“ಯಾವ್ದೂ ಅಲ್ಲ ಸರ್.”

“ಎಲ್ಲಿ ಮಡಗಿದ್ರಿ?”

“ಇರಲೇ ಇಲ್ಲ ಸರ್.”

ಅವರು ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು. “ಯಜಮಾನ್ರೆ, ಕಳ್ಳ ಸಿಕ್ಕಿದ್ರೆ ಮಾಲು ಹುಡುಕ್ತೀನಿ, ಮಾಲು ಸಿಕ್ಕಿದ್ರೆ ಕಳ್ಳನ್ನ ಹುಡುಕ್ತೀನಿ. ಎರಡೂ ಇಲ್ದೇ ಹೋದ್ರೆ ನಾನ್ ಏನ್ ಮಾಡ್ಲಿ, ನೀವೇ ಹೇಳಿ.” ದೂರು ಸ್ವೀಕರಿಸಲು ಬರುವುದಿಲ್ಲ ಎಂದರು, ಟೀ ತರಿಸಿ ಕೊಟ್ಟರು. ದೂರು ದಾಖಲಾಗಿಲ್ಲ ಎಂದು ಬರೆದು ತಿಳಿಸಿದಾಗ ತಮ್ಮ ಕಚೇರಿಯ ಉತ್ತರ: ‘ಶಿಕ್ಷಕಿಯವರು ದೂರು ದಾಖಲಿಸಲು ಹಿಂಜರಿಯುತ್ತಿರುವುದು ಗಮನಕ್ಕೆ ಬಂದಿದೆ.’ ಇದನ್ನು ಬರೆದವರು ಯಾರೇ ಇರಲಿ, ನಾನು ಅವರಿಗೆ ನಮಸ್ಕರಿಸುತ್ತೇನೆ. ಇಂಥ ಕನ್ನಡ ಬರೆಯಲು ಬಹಳ ವರ್ಷಗಳ ಸೇವೆ ಬೇಕು.

ಆಮೇಲೆ ಬಂತು ಒಂದು ಸುಲಭದ ದಾರಿ. ಹೇಳಿದವರು ತಮ್ಮ ಕಚೇರಿಯವರೇ, ಹೆಸರು ಬೇಡ. ನನ್ನನ್ನು ವರಾಂಡಕ್ಕೆ ಕರೆದು, “ಮೈಸೂರಿನ ಗುಜರಿಯಲ್ಲಿ ಹಳೇ ಹಾರ್ಡ್ ಡಿಸ್ಕ್ ರಾಶಿ ಬಿದ್ದಿರ್ತವೆ ಸ್ವಾಮಿ. ಕೆಟ್ಟಿದ್ರೂ ನಡೀತದೆ. ಒಂದ್ ಹನ್ನೆರಡು ತಂದು ಒಳಗೆ ಕೂರಿಸ್ಬುಡಿ. ಸಾಹೇಬ್ರು ಬಂದು ನೋಡಿ ‘ಇವೆ’ ಅಂತ ಬರೆದ್ರೆ ಮುಗೀತು,” ಎಂದರು. ಸತ್ಯ ಹೇಳುತ್ತೇನೆ, ನನಗೆ ಆಸೆಯಾಯಿತು. ಯಂತ್ರಕ್ಕೆ ಬೇಡದ, ಕೆಲಸಕ್ಕೆ ಬಾರದ ಹನ್ನೆರಡು ತಗಡಿನ ಡಬ್ಬಿಗಳಿಂದ ಒಬ್ಬ ಹುಡುಗಿಯ ಕೆಲಸ ಉಳಿಯುವುದಾದರೆ ಏನು ತಪ್ಪು ಎನ್ನಿಸಿತು. ಹೊಸ ಅಗ್ರಹಾರಕ್ಕೇ ಹೋಗಿ ಹೇಳಿದೆ. ರಮ್ಯಳ ತಂದೆ ಬಸವರಾಜು ಜಗಲಿಯ ಮೇಲೆ ಕುಳಿತಿದ್ದರು. ಮಗಳ ವಿಷಯ ಎತ್ತುತ್ತಾರೆಂದು ಅವರು ಒಂದು ತಿಂಗಳಿಂದ ಟೀ ಅಂಗಡಿಗೆ ಹೋಗಿಲ್ಲವಂತೆ. ಅವರೂ, “ಏನೋ ಒಂದ್ ಮಾಡಿ ಮುಗಿಸ್ಬುಡಿ ಸ್ವಾಮಿ,” ಎಂದರು. ರಮ್ಯ ಒಪ್ಪಲಿಲ್ಲ.

“ಈಗ ತಂದಿಟ್ಟರೆ ಏನಾಗುತ್ತೆ ಸರ್?” ಎಂದಳು. “ಕದ್ದಿದ್ಲು, ಹೆದರ್ಕೊಂಡು ವಾಪಸ್ ಇಟ್ಲು ಅಂತಾರೆ. ಈಗ ಸುಳ್ಳಾಗಿರೋದು ಆಮೇಲೆ ನಿಜ ಆಗೋಗುತ್ತೆ.” ಮತ್ತೆ, “ಕೆಲಸ ಹೋದ್ರೆ ಇನ್ನೊಂದು ನೋಡ್ತೀನಿ ಸರ್. ಕಳ್ಳಿ ಅನ್ನಿಸ್ಕೊಂಡು ಯಾವ ಕೆಲಸ ಮಾಡ್ಲಿ?” ಎಂದಳು. ಅವಳಿಗೆ ಇಪ್ಪತ್ತಾರು ವರ್ಷ. ನನಗೆ ಅರವತ್ತೇಳು. ಅವಳ ಮುಂದೆ ನನಗೆ ನಾಚಿಕೆಯಾಯಿತು. ಆ ನಾಚಿಕೆಗೆ ಇನ್ನೂ ಒಂದು ಕಾರಣವಿತ್ತು, ಅದನ್ನು ಇಷ್ಟು ಹೊತ್ತು ನಾನು ಬರೆಯದೆ ತಪ್ಪಿಸಿಕೊಂಡು ಬಂದಿದ್ದೇನೆ.

ತಮ್ಮ ಮಹಜರಿನ ಕೆಳಗೆ ಸಾಕ್ಷಿಗಳಾಗಿ ಇಬ್ಬರು ಪಂಚರ ಸಹಿಗಳಿವೆ. ಒಂದು ಮಂಟಯ್ಯನದು. ಅವನಿಗೆ ತನ್ನ ಹೆಸರು ಬರೆಯುವುದು ಬಿಟ್ಟರೆ ಬೇರೆ ಅಕ್ಷರ ಬಾರದು. ಇನ್ನೊಂದು ನನ್ನದು.

ಅವತ್ತು ತಾವು ಅದನ್ನು ಓದಿ ಹೇಳುವುದಕ್ಕೆ ಮೊದಲೇ ಗುಮಾಸ್ತರು ಹಾಳೆ ಚಾಚಿ, “ಸಾಹೇಬ್ರು ಬಂದಿದ್ದಕ್ಕೆ ಒಂದು ಸಹಿ ಸ್ವಾಮಿ,” ಎಂದರು. ಜೀಪಿನ ಇಂಜಿನ್ ಆಗಲೇ ಶುರುವಾಗಿತ್ತು. ಅಧಿಕಾರಿಗಳು ಎದುರಿಗೆ ನಿಂತಿರುವಾಗ ಕನ್ನಡಕ ಹಾಕಿಕೊಂಡು ಓದಲು ಕೂರುವುದೆಂದರೆ ಅವರ ಮೇಲೆ ಅನುಮಾನ ಪಟ್ಟಂತೆ. ನಮ್ಮ ಕಡೆ ಅದನ್ನು ಅಮರ್ಯಾದೆ ಎನ್ನುತ್ತಾರೆ. ನಾನು ಮರ್ಯಾದಸ್ಥ, ಬೆರಳು ತೋರಿಸಿದ ಕಡೆ ಸಹಿ ಹಾಕಿದೆ. ಒಂದು ನಿಮಿಷದ ಮೇಲೆ ತಾವು ಓದಿದಾಗ ಏನಕ್ಕೆ ಸಹಿ ಹಾಕಿದೆ ಎಂದು ಗೊತ್ತಾಯಿತು. ಆಗಲಾದರೂ ತಡೆಯಬಹುದಿತ್ತು. ಹನ್ನೆರಡು ಮಂದಿಯಲ್ಲಿ ಸುಂದ್ರಮ್ಮ ಎದ್ದು ನಿಂತರು. ಯಂತ್ರಗಳು ಪೆಟ್ಟಿಗೆಯಲ್ಲಿ ಬಂದ ದಿನ ಇಳಿಸಿಕೊಂಡವನು, ಒಂದೊಂದನ್ನೂ ಬಿಚ್ಚಿ ನೋಡಿದವನು, ಒಳಗೆ ಡಿಸ್ಕಿಲ್ಲ ಎಂದು ನನ್ನ ಕಣ್ಣಾರೆ ಕಂಡವನು ನಾನು. ನಾನು ಕೈಕಟ್ಟಿ ನಿಂತಿದ್ದೆ. ತಾವು ಹೊರಡುವಾಗ ಜೀಪಿನ ಬಾಗಿಲನ್ನೂ ತೆಗೆದು ಹಿಡಿದೆ.

ಹದಿನೈದು ದಿನದ ಮೇಲೆ ಆ ಜ್ಞಾಪನದ ಜೊತೆ ಮಹಜರಿನ ಪ್ರತಿ ರಮ್ಯಳ ಕೈ ಸೇರಿತು. ಅದನ್ನು ನನ್ನ ಮುಂದೆ ಹಿಡಿದು, “ಸರ್, ಇದು ನಿಮ್ಮ ಸಹಿನಾ?” ಎಂದು ಕೇಳಿದಳು. ಹೌದು ಎಂದೆ. ಅವಳು ಕಾಗದವನ್ನು ಮಡಿಸಿ ಬ್ಯಾಗಿನೊಳಗೆ ಇಟ್ಟುಕೊಂಡಳು. ಅಷ್ಟೇ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈಗಲೂ ನನ್ನನ್ನು ಸರ್ ಎಂದೇ ಕರೆಯುತ್ತಾಳೆ. ಪ್ರತಿ ಸಲ ಕರೆದಾಗಲೂ ನನಗೆ ಉರಿಯುತ್ತದೆ.

ಆದ್ದರಿಂದ ಮಾನ್ಯರೇ, ಇಲ್ಲಿಯವರೆಗೆ ತಮ್ಮ ಮೇಲೆ ಆಡಿದ ಕುಹಕದ ಮಾತುಗಳಲ್ಲಿ ಅರ್ಧವನ್ನು ನನ್ನ ಪಾಲಿಗೆ ಎಂದೇ ಓದಿಕೊಳ್ಳಿ. ತಾವು ಒಂದು ಮುಚ್ಚಳ ತೆಗೆದು ನೋಡಿ ತಪ್ಪು ತಿಳಿದಿರಿ. ನಾನು ಹನ್ನೆರಡೂ ತೆಗೆದು ನೋಡಿ, ಸರಿಯಾಗಿ ತಿಳಿದಿದ್ದೂ ತಪ್ಪಿಗೆ ಸಹಿ ಹಾಕಿದೆ. ನಮ್ಮಿಬ್ಬರಲ್ಲಿ ದೊಡ್ಡವರು ಯಾರು ಎಂದು ತೀರ್ಮಾನಿಸುವ ಕೆಲಸವನ್ನು ಬಸ್ ನಿಲ್ದಾಣಕ್ಕೆ ಬಿಡೋಣ. ಮಹಜರಿನ ಮೇಲಿರುವ ನನ್ನ ಸಹಿಯನ್ನು ನಾನು ಈ ಪತ್ರದ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸಹಿ ಹಾಕಿದ್ದು ಓದದೆ, ಸುಮ್ಮನಿದ್ದದ್ದು ಹೆದರಿ, ಎಂದು ಬರೆದುಕೊಡುತ್ತಿದ್ದೇನೆ. ಸುಳ್ಳು ಮಹಜರಿಗೆ ಸಾಕ್ಷಿ ನಿಂತವರಿಗೆ ಕಾನೂನಿನಲ್ಲಿ ಏನು ಶಿಕ್ಷೆಯೋ ಅದನ್ನು ಕೊಡಿ, ಬರುತ್ತೇನೆ.

ತಮ್ಮನ್ನು ಕೇಳುವುದು ಇಷ್ಟೇ. ಮೂವತ್ತನೇ ತಾರೀಕಿನೊಳಗೆ ಯಾವ ದಿನವಾದರೂ ಬನ್ನಿ. ಹನ್ನೆರಡೂ ಮುಚ್ಚಳ ತೆಗೆಯಿರಿ, ಸ್ಕ್ರೂ ಡ್ರೈವರ್ ನಮ್ಮದೇ ಇದೆ. ‘ಅಪಹರಣ’ ಎಂಬ ಆ ಪದವನ್ನು ಕಡತದಿಂದ ಹೊಡೆದುಹಾಕಿ. ಆಮೇಲೆ ಅವತ್ತು ಕೂತಿದ್ದ ಅದೇ ಹನ್ನೆರಡು ಮಂದಿಯ ಮುಂದೆ ನಿಂತು, ಅವತ್ತು ಓದಿದಷ್ಟೇ ಗಟ್ಟಿಯಾಗಿ, ಈ ಹುಡುಗಿ ಏನನ್ನೂ ಕದ್ದಿಲ್ಲ ಎಂದು ಹೇಳಿ. ಅವರನ್ನು ಕರೆದು ಕೂರಿಸುವ ಜವಾಬ್ದಾರಿ ನನ್ನದು. ಅವಳ ತಂದೆಯನ್ನೂ ಕರೆತರುತ್ತೇನೆ. ತಮಗೆ ಅದು ಕಷ್ಟವಾದರೆ ಮೊದಲು ನಾನು ಹೇಳುತ್ತೇನೆ, ತಾವು ಪಕ್ಕದಲ್ಲಿ ನಿಂತರೆ ಸಾಕು. ಅದೂ ಆಗದು, ನಿಯಮದ ಪ್ರಕಾರ ಕಳುವಿನ ಕಡತ ಮುಚ್ಚಲು ಒಬ್ಬರ ಹೆಸರು ಬೇಕೇ ಬೇಕು ಎನ್ನುವುದಾದರೆ, ಶಿಕ್ಷಕಿ ಎಂದಿರುವ ಕಡೆ ಕಾರ್ಯದರ್ಶಿ ಎಂದು ತಿದ್ದಿ ನನ್ನ ಹೆಸರು ಬರೆದುಕೊಳ್ಳಿ. ಆ ಹಾಳೆಯನ್ನು ಕಳಿಸಿಕೊಡಿ. ಈ ಸಲ ಓದಿ ಸಹಿ ಹಾಕುತ್ತೇನೆ.

ಇಂತಿ,
ಓದಲು ಬರುತ್ತಿದ್ದೂ ಓದದ ಎರಡನೇ ಪಂಚ,
ನೀಲಕಂಠಸ್ವಾಮಿ
ಬಿಳಿಕೆರೆ